ಔರಾದಿಗೆ ಎರಡನೆಯ ದಾರಿ

2023ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು ‘ತಿದ್ದುಪಡಿಗೊಂಡ ಭಾರತ್‌ನೆಟ್’ ಕಾರ್ಯಕ್ರಮಕ್ಕೆ 1,39,579 ಕೋಟಿ ರೂಪಾಯಿಗಳ ಮಂಜೂರಾತಿ ನೀಡಿದಾಗ ಎಲ್ಲರ ಗಮನ ಆ ಮೊತ್ತದ ಮೇಲೆಯೇ ನೆಟ್ಟಿತ್ತು. ಅದೇ ತೀರ್ಮಾನದಲ್ಲಿ ಅಡಗಿದ್ದ ಒಂದು ತಾಂತ್ರಿಕ ಬದಲಾವಣೆ ಮಾತ್ರ ಚರ್ಚೆಗೆ ಬರಲೇ ಇಲ್ಲ. ತಾಲ್ಲೂಕು ಕೇಂದ್ರದಿಂದ ಗ್ರಾಮ ಪಂಚಾಯಿತಿಗಳಿಗೆ ಹೋಗುವ ಆಪ್ಟಿಕಲ್ ಫೈಬರ್ ಜಾಲ ಇನ್ನು ಮುಂದೆ ಸರಪಳಿಯ ಹಾಗೆ ಒಂದೇ ಸಾಲಿನಲ್ಲಿ ಇರುವುದಿಲ್ಲ, ಉಂಗುರದ ಆಕಾರದಲ್ಲಿ ಇರುತ್ತದೆ ಎಂಬುದೇ ಆ ಬದಲಾವಣೆ. ಕೇಳಲು ಸಣ್ಣ ಸಂಗತಿ. ಆದರೆ 2011ರ ಅಕ್ಟೋಬರ್‌ನಲ್ಲಿ ‘ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ’ ಎಂಬ ಹೆಸರಿನಲ್ಲಿ ಮಂಜೂರಾಗಿ, ಎರಡು ವರ್ಷಗಳಲ್ಲಿ ಮುಗಿಯಬೇಕಿದ್ದ ಯೋಜನೆಯೊಂದು ಹನ್ನೆರಡು ವರ್ಷಗಳ ನಂತರ ತನ್ನ ಮೂಲ ವಿನ್ಯಾಸವನ್ನೇ ಕೈಬಿಟ್ಟಿತೆಂದರೆ, ಅದು ಕಾಮಗಾರಿಯ ವಿಳಂಬವಷ್ಟೇ ಅಲ್ಲ. ವಿನ್ಯಾಸದ ಹಂತದಲ್ಲಿ ನಡೆಯಬೇಕಿದ್ದ ಸಂಶೋಧನೆ ನಡೆಯಲಿಲ್ಲ ಎಂಬುದರ ಒಪ್ಪಿಗೆಯೂ ಹೌದು.

ಈ ಮಾತನ್ನು ಪರೀಕ್ಷಿಸಲು ಬೀದರ್ ಜಿಲ್ಲೆಗಿಂತ ಒಳ್ಳೆಯ ನೆಲ ಸಿಗಲಾರದು. ರಾಜ್ಯದ ಭೂಪಟದ ತುತ್ತತುದಿಯಲ್ಲಿರುವ ಈ ಜಿಲ್ಲೆಯ ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಬೀದರ್ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅಲ್ಲಿಂದ ಇಳಿದು ಭಾಲ್ಕಿಯ ಕಡೆಗೋ ಔರಾದಿನ ಕಡೆಗೋ ಹೊರಟರೆ ಮಾಂಜ್ರಾ ನದಿಯ ಕಣಿವೆ, ಎರೆಭೂಮಿ, ತೊಗರಿ, ಸೋಯಾ, ಕಬ್ಬಿನ ಹೊಲಗಳು, ಅಲ್ಲಲ್ಲಿ ಚದುರಿದ ವಾಡಿಗಳು, ತಾಂಡಾಗಳು. ಬೀದರ್, ಭಾಲ್ಕಿ, ಕಮಲನಗರ ಊರುಗಳನ್ನು ವಿಕಾರಾಬಾದ್–ಪರಳಿ ರೈಲು ಮಾರ್ಗ ಹಾದುಹೋಗುತ್ತದೆ. ಔರಾದ್ ಪಟ್ಟಣಕ್ಕೆ ರೈಲು ಇಲ್ಲ. ಇದನ್ನು ಇಲ್ಲಿ ಹೇಳಲು ಕಾರಣವಿದೆ: 2000ರಲ್ಲಿ ರೈಲ್‌ಟೆಲ್ ಸಂಸ್ಥೆ ಸ್ಥಾಪನೆಯಾದಂದಿನಿಂದ ರೈಲು ಹಳಿಯ ಪಕ್ಕದ ನೆಲವೇ ದೇಶದ ಫೈಬರ್ ಜಾಲದ ಮುಖ್ಯ ದಾರಿಗಳಲ್ಲಿ ಒಂದು. ಹಳಿ ಇಲ್ಲದ ಊರಿಗೆ ರಸ್ತೆಬದಿಯ ಫೈಬರ್ ಒಂದೇ ಗತಿ. ಆ ರಸ್ತೆಯನ್ನು ಅಗಲ ಮಾಡಲು ಜೆಸಿಬಿ ಬಂದ ದಿನ ಊರಿನ ಬ್ಯಾಂಕು, ಪಂಚಾಯಿತಿ, ಪಡಿತರ ಅಂಗಡಿ ಒಟ್ಟಿಗೆ ಸ್ತಬ್ಧವಾಗುತ್ತವೆ.

ಜಾಲ ಕಡಿದುಹೋದರೆ ಆಗುವ ನಷ್ಟದ ಸ್ವರೂಪವೂ ಈ ಹತ್ತು ಹದಿನೈದು ವರ್ಷಗಳಲ್ಲಿ ಬದಲಾಗಿದೆ. ಹಿಂದೆ ದೂರವಾಣಿ ಕೆಟ್ಟರೆ ಮಾತು ನಿಲ್ಲುತ್ತಿತ್ತು, ಅಷ್ಟೆ. ಈಗ ಅಕ್ಕಿ ನಿಲ್ಲುತ್ತದೆ, ಪಹಣಿ ನಿಲ್ಲುತ್ತದೆ, ಪಿಂಚಣಿ ನಿಲ್ಲುತ್ತದೆ. 2023ರ ಜನವರಿಯಿಂದ ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ ಕೂಲಿಕಾರರ ಹಾಜರಿಯನ್ನು ಮೊಬೈಲ್ ಆ್ಯಪ್‌ನಲ್ಲಿ ಭಾವಚಿತ್ರದೊಂದಿಗೆ ದಾಖಲಿಸುವುದು ಕಡ್ಡಾಯವಾದಾಗ, ಸಿಗ್ನಲ್ ಇಲ್ಲದ ಹೊಲದಲ್ಲಿ ಕೆಲಸ ಮಾಡಿದ ದಿನದ ಕೂಲಿಗೂ ಜಾಲದ ಕೃಪೆಯೇ ಆಧಾರವಾಯಿತು. ಸರ್ಕಾರ ತನ್ನ ಸೇವೆಗಳನ್ನು ಒಂದೊಂದಾಗಿ ಈ ತಂತಿಯ ಮೇಲೆ ಹೇರುತ್ತಾ ಬಂದಿತು. ಆದರೆ ತಂತಿ ಅಷ್ಟು ಭಾರವನ್ನು ಹೊರಬಲ್ಲದೇ ಎಂದು ಯಾರೂ ಲೆಕ್ಕ ಹಾಕಿದಂತಿಲ್ಲ.

ಲೆಕ್ಕ ಕಷ್ಟದ್ದೇನೂ ಅಲ್ಲ. ಒಂದು ತಾಲ್ಲೂಕು ಕೇಂದ್ರದಿಂದ ಆರು ಪಂಚಾಯಿತಿಗಳನ್ನು ಒಂದರ ನಂತರ ಒಂದರಂತೆ ಪೋಣಿಸಿದ ಫೈಬರ್ ಸಾಲನ್ನು ಕಲ್ಪಿಸಿಕೊಳ್ಳೋಣ. ಊರಿಂದ ಊರಿಗಿರುವ ಪ್ರತಿ ತುಂಡೂ ನೂರು ದಿನಗಳಲ್ಲಿ ಒಂದು ದಿನ ಕೆಟ್ಟಿರುತ್ತದೆ ಎಂದುಕೊಂಡರೆ, ಕೊನೆಯ ಪಂಚಾಯಿತಿಗೆ ವರ್ಷದಲ್ಲಿ ಸುಮಾರು 21 ದಿನ ಸಂಪರ್ಕವೇ ಇರುವುದಿಲ್ಲ. ಮೊದಲನೆಯ ಊರಿಗೆ ಮೂರೂವರೆ ದಿನದ ತೊಂದರೆ, ಕೊನೆಯ ಊರಿಗೆ ಮೂರು ವಾರಗಳದ್ದು. ಅಂದರೆ ಸರಪಳಿ ವಿನ್ಯಾಸ ತನ್ನಷ್ಟಕ್ಕೆ ತಾನೇ ದೂರದ ಊರುಗಳಿಗೆ ಅನ್ಯಾಯ ಮಾಡುತ್ತದೆ. ಅದಕ್ಕೆ ಯಾವ ಅಧಿಕಾರಿಯ ದುರುದ್ದೇಶವೂ ಬೇಕಿಲ್ಲ. ಅದೇ ಕೊನೆಯ ಊರಿನಿಂದ ತಾಲ್ಲೂಕು ಕೇಂದ್ರಕ್ಕೆ ಅಂಥದ್ದೇ ಇನ್ನೊಂದು ಕೊಂಡಿ ಹಾಕಿ ಸಾಲನ್ನು ಉಂಗುರವಾಗಿಸಿದರೆ, ಎರಡೂ ಬದಿ ಒಟ್ಟಿಗೇ ಕಡಿದಾಗ ಮಾತ್ರ ಆ ಊರು ಕತ್ತಲಾಗುತ್ತದೆ. ಆಗ 21 ದಿನಗಳು ವರ್ಷಕ್ಕೆ ಸುಮಾರು 5 ಗಂಟೆಗಳಿಗೆ ಇಳಿಯುತ್ತವೆ. ಕಾಗದದ ಮೇಲೆ ಇದು ಪವಾಡವೇ ಸರಿ.

ನಿಜವಾದ ಸಂಶೋಧನೆಯ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ಮೇಲಿನ ಲೆಕ್ಕ ಒಂದು ಊಹೆಯನ್ನು ಅವಲಂಬಿಸಿದೆ: ಉಂಗುರದ ಎರಡು ತೋಳುಗಳು ಪರಸ್ಪರ ಸಂಬಂಧವಿಲ್ಲದೆ ಬೇರೆ ಬೇರೆಯಾಗಿ ಕೆಡುತ್ತವೆ ಎಂಬುದು ಆ ಊಹೆ. ಆದರೆ ಊರಿಗೆ ಹೋಗುವ ರಸ್ತೆ ಒಂದೇ ಆಗಿದ್ದು, ಹೋಗುವ ಫೈಬರ್ ಮತ್ತು ಮರಳುವ ಫೈಬರ್ ಎರಡೂ ಅದೇ ಕಂದಕದಲ್ಲಿ ಮಲಗಿದ್ದರೆ? ನಕ್ಷೆಯಲ್ಲಿ ಅದು ಉಂಗುರ, ನೆಲದಲ್ಲಿ ಒಂದೇ ಗೆರೆ. ಜೆಸಿಬಿಯ ಒಂದು ಹಲ್ಲು ಎರಡನ್ನೂ ಕಡಿಯುತ್ತದೆ. ಅಂಥ ಒಂದೇ ಒಂದು ತುಂಡು ಎರಡು ತೋಳಿಗೂ ಸಮಾನವಾಗಿದ್ದರೆ ಸಾಕು, 5 ಗಂಟೆ ಮತ್ತೆ ಮೂರೂವರೆ ದಿನ ದಾಟಿಬಿಡುತ್ತದೆ. ಜಾಲವಿಜ್ಞಾನದಲ್ಲಿ ಇದನ್ನು ಹಂಚಿಕೊಂಡ ಅಪಾಯದ ಸಮಸ್ಯೆ ಎನ್ನುತ್ತಾರೆ. ಯಾವ ಯಾವ ಕೊಂಡಿಗಳು ಒಂದೇ ಸೇತುವೆ, ಒಂದೇ ಮೋರಿ, ಒಂದೇ ಕಂದಕವನ್ನು ಹಂಚಿಕೊಂಡಿವೆ ಎಂಬುದನ್ನು ಗುರುತಿಸಿ, ಕಡಿಮೆ ಖರ್ಚಿನಲ್ಲಿ ನಿಜವಾಗಿಯೂ ಬೇರೆಯಾದ ಎರಡು ದಾರಿಗಳನ್ನು ಹುಡುಕುವುದು ಗಣಿತದ ಕಠಿಣ ಸಮಸ್ಯೆಗಳಲ್ಲಿ ಒಂದು. ಊರುಗಳ ಸಂಖ್ಯೆ ಹೆಚ್ಚಿದಂತೆ ಕಂಪ್ಯೂಟರಿಗೂ ಅದರ ಪೂರ್ಣ ಪರಿಹಾರ ನಿಲುಕುವುದಿಲ್ಲ. ಇಂಥ ಸಮಸ್ಯೆಯನ್ನು ನಾವು ಟೆಂಡರಿನ ಒಂದು ಷರತ್ತಾಗಿ ಗುತ್ತಿಗೆದಾರನಿಗೆ ಒಪ್ಪಿಸುತ್ತೇವೆ. ಕಿಲೋಮೀಟರ್ ಲೆಕ್ಕದಲ್ಲಿ ಹಣ ಪಡೆಯುವವನಿಗೆ ಒಂದೇ ಕಂದಕದಲ್ಲಿ ಎರಡು ಕೊಳವೆ ಹಾಕುವುದು ಸುಲಭದ ದಾರಿ. ಅದರಲ್ಲಿ ಅಚ್ಚರಿಯೇನಿಲ್ಲ.

ಔರಾದಿನ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಪಟ್ಟಣದ ಉತ್ತರಕ್ಕೆ ನಾಂದೇಡ್ ಜಿಲ್ಲೆಯ ದೇಗಲೂರು, ಪಶ್ಚಿಮಕ್ಕೆ ಲಾತೂರ್ ಜಿಲ್ಲೆಯ ಉದಗೀರ್. ದಕ್ಷಿಣದ ಬೀದರಿನಿಂದ ಬರುವ ಫೈಬರಿಗೆ ಸಹಜವಾದ ಎರಡನೆಯ ದಾರಿ ಗಡಿಯಾಚೆಗೇ ಇದೆ. ಜನ ಸಂತೆಗೆ, ಆಸ್ಪತ್ರೆಗೆ, ಬೀಗತನಕ್ಕೆ ದಿನವೂ ಬಳಸುವ ದಾರಿಯೂ ಅದೇ. ಆದರೆ ದೂರಸಂಪರ್ಕದ ಆಡಳಿತ ದೇಶವನ್ನು 22 ಸೇವಾ ವಲಯಗಳಾಗಿ ಹಂಚಿದೆ. ಔರಾದ್ ಕರ್ನಾಟಕ ವೃತ್ತದಲ್ಲಿದೆ, ದೇಗಲೂರು ಮತ್ತು ಉದಗೀರ್ ಮಹಾರಾಷ್ಟ್ರ ವೃತ್ತದಲ್ಲಿವೆ. ಭಾರತ್‌ನೆಟ್ ಕಾಮಗಾರಿಗಳನ್ನೂ ರಾಜ್ಯಗಳ ಲೆಕ್ಕದಲ್ಲಿ ಪ್ಯಾಕೇಜುಗಳಾಗಿ ಹಂಚಲಾಗಿದೆ. 1956ರಲ್ಲಿ ಹೈದರಾಬಾದ್ ರಾಜ್ಯ ವಿಭಜನೆಯಾಗಿ ಬೀದರ್ ಜಿಲ್ಲೆಯ ಗಡಿಗಳನ್ನು ಮರುರಚಿಸುವಾಗ ಎಳೆದ ಗೆರೆ ಭಾಷೆಯ ಆಧಾರದ್ದು. ಅದು ಫೈಬರ್ ಜಾಲಕ್ಕೂ ಗೋಡೆಯಾಗುತ್ತದೆಂದು ಅಂದು ಯಾರಿಗೆ ತೋಚಬೇಕು? ಗಡಿಯ ತಾಲ್ಲೂಕುಗಳನ್ನು ಎರಡೂ ರಾಜ್ಯಗಳ ಜಾಲಗಳು ‘ಕೊನೆ’ ಎಂದೇ ಪರಿಗಣಿಸುತ್ತವೆ. ಎರಡು ಕೊನೆಗಳನ್ನು ಒಂದು ಸಣ್ಣ ಕೊಂಡಿಯಿಂದ ಜೋಡಿಸಿದರೆ ಎರಡೂ ಕೊನೆಗಳಾಗಿ ಉಳಿಯುವುದಿಲ್ಲ ಎಂಬ ಸರಳ ಸತ್ಯ ಕಡತಗಳ ನಡುವೆ ಸಿಕ್ಕಿಬಿದ್ದಿದೆ.

ತರಂಗಗಳಿಗೆ ಈ ಗೆರೆ ತಿಳಿಯುವುದಿಲ್ಲ. ಗಡಿಗ್ರಾಮದ ಮೊಬೈಲ್ ಫೋನು ತನಗೆ ಬಲವಾಗಿ ಕೇಳುವ ಗೋಪುರವನ್ನು ಹಿಡಿಯುತ್ತದೆ, ಅದು ಮಹಾರಾಷ್ಟ್ರದ್ದಾದರೂ ಸರಿಯೇ. ಹಿಂದೆ ಮನೆಯ ಅಂಗಳದಲ್ಲಿ ಕುಳಿತೇ ರೋಮಿಂಗ್ ಶುಲ್ಕ ತೆತ್ತ ಗಡಿನಾಡಿನ ಜನರಿಗೆ ಇದನ್ನು ವಿವರಿಸಬೇಕಿಲ್ಲ. ಈಗ ಶುಲ್ಕದ ಕಾಟ ತಪ್ಪಿದೆ, ತಾಂತ್ರಿಕ ಸಮಸ್ಯೆ ತಪ್ಪಿಲ್ಲ. ತರಂಗಾಂತರಗಳ ಹರಾಜು ನಡೆಯುವುದೂ ವಲಯವಾರು. ಒಂದೇ ಕಂಪೆನಿಗೆ ಗಡಿಯ ಈಚೆ ಒಂದು ಆವರ್ತನ, ಆಚೆ ಇನ್ನೊಂದು ಇರಬಹುದು. ಒಬ್ಬರ ಗೋಪುರ ಇನ್ನೊಬ್ಬರಿಗೆ ಅಡಚಣೆಯಾಗದಂತೆ ಶಕ್ತಿಯನ್ನು ತಗ್ಗಿಸಬೇಕಾಗುತ್ತದೆ, ಆಂಟೆನಾದ ಮುಖವನ್ನು ಒಳನಾಡಿನ ಕಡೆಗೆ ತಿರುಗಿಸಬೇಕಾಗುತ್ತದೆ. ಎರಡೂ ಕಡೆಯವರು ಹೀಗೆ ಮುಖ ತಿರುಗಿಸಿದಾಗ ನಡುವೆ ಉಳಿಯುವ ಪಟ್ಟಿಯಲ್ಲಿ ಬದುಕುವವರೇ ಗಡಿಯ ಜನ.

ಮತ್ತೆ ನೆಲಕ್ಕೆ ಬರೋಣ. ಗಾಜಿನ ಎಳೆಯಲ್ಲಿ ಬೆಳಕನ್ನು ದೂರ ಒಯ್ಯಬಹುದೆಂದು ಚಾರ್ಲ್ಸ್ ಕಾವ್ 1966ರಲ್ಲಿ ತೋರಿಸಿದಾಗ ಅವರು ಇಟ್ಟ ಗುರಿ ಕಿಲೋಮೀಟರಿಗೆ 20 ಡೆಸಿಬಲ್‌ಗಿಂತ ಕಡಿಮೆ ನಷ್ಟ, ಅಂದರೆ ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಬೆಳಕಿನ ನೂರರಲ್ಲಿ ಒಂದು ಪಾಲಾದರೂ ಉಳಿಯಬೇಕು ಎಂಬುದು. ಇಂದಿನ ಫೈಬರಿನಲ್ಲಿ ನಷ್ಟ 1310 ನ್ಯಾನೋಮೀಟರ್ ತರಂಗದೂರದಲ್ಲಿ ಕಿಲೋಮೀಟರಿಗೆ ಸುಮಾರು 0.35 ಡೆಸಿಬಲ್ ಮಾತ್ರ. ಹೀಗಿರುವಾಗ ತೊಂದರೆಯೇನು ಎಂದು ಓದುಗರು ಕೇಳಬಹುದು. ತೊಂದರೆ ಗಾಜಿನಲ್ಲಿಲ್ಲ, ಬೆಸುಗೆಗಳಲ್ಲಿದೆ.

ಭಾರತ್‌ನೆಟ್‌ನ ಮೊದಲ ಹಂತದಲ್ಲಿ ಬಳಸಿದ್ದು ‘ಜಿಪಾನ್’ ಎಂಬ ತಂತ್ರ. ಒಂದು ಫೈಬರಿನ ಬೆಳಕನ್ನು ವಿದ್ಯುತ್ ಬೇಡದ ಸಣ್ಣ ವಿಭಾಜಕದಿಂದ ಹಲವು ಕವಲುಗಳಾಗಿ ಹಂಚುವ ಅಗ್ಗದ, ಜಾಣ ವಿಧಾನ. ಅದರ ಒಂದು ಸಾಮಾನ್ಯ ದರ್ಜೆಯಲ್ಲಿ ಒಟ್ಟು 28 ಡೆಸಿಬಲ್ ನಷ್ಟವನ್ನು ತಾಳಿಕೊಳ್ಳಬಹುದು. ಹೊರಟ ಬೆಳಕಿನ 630ರಲ್ಲಿ ಒಂದು ಪಾಲು ತಲುಪಿದರೂ ಸಾಕು ಎಂದರ್ಥ. ಬೆಳಕನ್ನು 32 ಕವಲು ಮಾಡಿದರೆ ಸುಮಾರು ಹದಿನೇಳೂವರೆ ಡೆಸಿಬಲ್ ಅಲ್ಲಿಗೇ ಖರ್ಚು. 20 ಕಿ.ಮೀ. ಫೈಬರಿಗೆ 7 ಹೋಯಿತು. ನಾಲ್ಕು ಜೋಡಣೆಗಳಿಗೆ ತಲಾ ಅರ್ಧದಂತೆ 2 ಹೋಯಿತು. ಕೈಯಲ್ಲಿ ಉಳಿಯುವುದು ಒಂದೂವರೆ. ಫೈಬರ್ ಒಮ್ಮೆ ಕಡಿದರೆ ನಡುವೆ ಹೊಸ ತುಂಡು ಸೇರಿಸಿ ಎರಡು ಕಡೆ ಬೆಸೆಯಬೇಕು. ಬಿಸಿಲಿನಲ್ಲಿ, ದೂಳಿನಲ್ಲಿ, ರಸ್ತೆಬದಿಯಲ್ಲಿ ಕುಳಿತು ಮಾಡಿದ ಬೆಸುಗೆ ಒಂದೊಂದಕ್ಕೆ 0.1 ಡೆಸಿಬಲ್ ಎಂದು ಉದಾರವಾಗಿ ಹಿಡಿದರೂ ಏಳೆಂಟು ಬಾರಿ ಕಡಿಯುವಷ್ಟರಲ್ಲಿ ಉಳಿತಾಯ ಮುಗಿಯಿತು. ಆಮೇಲೆ ಫೈಬರ್ ತುಂಡಾಗಿರುವುದಿಲ್ಲ, ಆದರೂ ಪಂಚಾಯಿತಿಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತಿರುತ್ತದೆ. ‘ಕೇಬಲ್ ಸರಿಯಾಗಿದೆ, ನೆಟ್ ಬರುತ್ತಿಲ್ಲ’ ಎಂಬ ಒಗಟಿನಂಥ ಉತ್ತರದ ಹಿಂದೆ ಇಂಥ ಲೆಕ್ಕ ಅಡಗಿರುವುದುಂಟು. ಇದಲ್ಲದೆ ಮೊದಲ ಹಂತದಲ್ಲಿ ಹಣ ಉಳಿಸಲೆಂದು ಸಾರ್ವಜನಿಕ ಸಂಸ್ಥೆಗಳ ಹಳೆಯ ಫೈಬರನ್ನೇ ಸಾಧ್ಯವಿದ್ದಲ್ಲೆಲ್ಲ ಬಳಸಿಕೊಳ್ಳಲಾಯಿತು. ಈಗಾಗಲೇ ಬೆಸುಗೆಗಳಿಂದ ಬಳಲಿದ್ದ ಎಳೆಗಳ ಮೇಲೆ ಹೊಸ ಜಾಲ ನಿಂತಿತು.

ಯಾವ ನೆಲದಲ್ಲಿ ವರ್ಷಕ್ಕೆ ಎಷ್ಟು ಬಾರಿ ಕಡಿಯುತ್ತದೆ, ಯಾಕೆ ಕಡಿಯುತ್ತದೆ ಎಂಬ ಮಾಹಿತಿಯಿಲ್ಲದೆ ಈ ಲೆಕ್ಕವನ್ನು ಮುಂಚಿತವಾಗಿ ಹಾಕಲಾಗದು. ಬೀದರಿನ ಜಂಬಿಟ್ಟಿಗೆಯನ್ನು ಅಗೆಯುವುದು ಕಷ್ಟ, ಹಾಗಾಗಿ ಆಳ ಕಡಿಮೆ ಮಾಡುವ ಆಮಿಷ ಹೆಚ್ಚು. ಭಾಲ್ಕಿ, ಔರಾದಿನ ಎರೆಮಣ್ಣನ್ನು ಅಗೆಯುವುದು ಸುಲಭ, ಆದರೆ ಅದು ಮಳೆಗೆ ಹಿಗ್ಗಿ ಬೇಸಿಗೆಗೆ ಬಿರಿಯುವ ಮಣ್ಣು. ವರ್ಷವರ್ಷವೂ ಉಸಿರಾಡುವ ಈ ನೆಲದೊಳಗೆ ಕೊಳವೆಯ ಮೇಲೆ ಎಂಥ ಒತ್ತಡ ಬೀಳುತ್ತದೆ, ಅದರಿಂದ ಎಳೆಯ ಬಾಗು ಎಷ್ಟು ಹೆಚ್ಚುತ್ತದೆ, ಬೆಳಕು ಎಷ್ಟು ಸೋರುತ್ತದೆ? ಫೈಬರನ್ನೇ ಸಂವೇದಕವಾಗಿ ಬಳಸಿ, ಅದರೊಳಗಿಂದ ಹಿಂದಕ್ಕೆ ಚದುರಿ ಬರುವ ಬೆಳಕನ್ನು ಓದಿ, ಎಲ್ಲಿ ಎಳೆತವಿದೆ, ಎಲ್ಲಿ ಯಂತ್ರವೊಂದು ನೆಲ ಅಗೆಯುತ್ತಿದೆ ಎಂದು ತಿಳಿಯುವ ತಂತ್ರಗಳು ಇಂದು ಇವೆ. ಅವು ದುಬಾರಿ, ನಿಜ. ಪಂಚಾಯಿತಿ ಜಾಲಕ್ಕೆ ಎಟಕುವ ಬೆಲೆಯಲ್ಲಿ ಅವನ್ನು ತಯಾರಿಸುವುದು ನಮ್ಮದೇ ಸಮಸ್ಯೆ. ಸ್ಟಾಕ್‌ಹೋಮಿನಲ್ಲಿ ಕುಳಿತವರು ಅದನ್ನು ನಮಗಾಗಿ ಬಿಡಿಸಿಕೊಡುವುದಿಲ್ಲ.

ಬೀದರಿಗೆ ನೆಲದಡಿಯ ಜಾಲ ಹೊಸತಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಈ ಜಂಬಿಟ್ಟಿಗೆಯನ್ನು ಕೊರೆದು ಕರೇಜ್ ಎಂಬ ಸುರಂಗ ಕಾಲುವೆಗಳನ್ನು ನಿರ್ಮಿಸಿದರು. ಅಂತರ್ಜಲವನ್ನು ಸೌಮ್ಯವಾದ ಇಳಿಜಾರಿನಲ್ಲಿ ಊರಿಗೆ ತರುವ ಆ ಸುರಂಗಗಳಿಗೆ ಅಲ್ಲಲ್ಲಿ ಗಾಳಿಬೆಳಕಿನ ಬಾವಿಗಳಿದ್ದವು. ಹೂಳೆತ್ತಲು, ದುರಸ್ತಿಗೆ ಇಳಿಯಲು ಅವೇ ದಾರಿ. ಇಂದಿನ ಕೇಬಲ್ ಕೊಳವೆ ಮತ್ತು ತಪಾಸಣಾ ಗುಂಡಿಗಳ ವ್ಯವಸ್ಥೆ ಇದಕ್ಕಿಂತ ತತ್ತ್ವದಲ್ಲಿ ಬೇರೆಯಲ್ಲ. ಕಾಲಾಂತರದಲ್ಲಿ ದಾರಿ ಯಾರಿಗೂ ನೆನಪಿಲ್ಲದಂತಾಗಿ, ಬಾವಿಗಳ ಮೇಲೆ ಕಟ್ಟಡಗಳೆದ್ದು, ನೌಬಾದಿನ ಕರೇಜ್ ಕಸದಲ್ಲಿ ಮುಚ್ಚಿಹೋಯಿತು. 2010ರ ದಶಕದಲ್ಲಿ ಅದನ್ನು ಮತ್ತೆ ಹುಡುಕಿ ಹೂಳೆತ್ತಬೇಕಾಯಿತು. ಐನೂರು ವರ್ಷಗಳಲ್ಲಿ ಕರೇಜಿಗಾದ ಗತಿ ನಮ್ಮ ಫೈಬರಿಗೆ ಐದೇ ವರ್ಷಗಳಲ್ಲಿ ಆಗುತ್ತಿದೆ. ಹಾಕಿದ ಮೇಲೆ ನಿಜವಾಗಿ ಎಲ್ಲಿ, ಎಷ್ಟು ಆಳದಲ್ಲಿ ಹಾಕಿದ್ದೇವೆ ಎಂಬ ನಕ್ಷೆ ಇಲ್ಲದ ಕಡೆ ಲೋಕೋಪಯೋಗಿ ಇಲಾಖೆಯ ಯಂತ್ರಕ್ಕೆ ದೂರಸಂಪರ್ಕದವರ ಕೇಬಲ್ ಕಾಣುವುದಾದರೂ ಹೇಗೆ? ಅಗೆಯುವ ಮುನ್ನ ತಿಳಿಸಲೆಂದು 2023ರ ಮಾರ್ಚ್‌ನಲ್ಲಿ ಕೇಂದ್ರವು ಒಂದು ಆ್ಯಪ್ ಬಿಡುಗಡೆ ಮಾಡಿತು. ಒಳ್ಳೆಯ ಕ್ರಮವೇ. ಆದರೆ ನಕ್ಷೆಯೇ ತಪ್ಪಾಗಿದ್ದರೆ ಆ್ಯಪ್ ತಪ್ಪು ಜಾಗವನ್ನೇ ತೋರಿಸುತ್ತದೆ.

ಫೈಬರ್ ಪಂಚಾಯಿತಿ ಕಚೇರಿಯವರೆಗೆ ಬಂತೆಂದೇ ಇಟ್ಟುಕೊಳ್ಳೋಣ. ಅಲ್ಲಿಂದ ಎರಡು ಮೂರು ಕಿ.ಮೀ. ದೂರದ ತಾಂಡಾಕ್ಕೆ, ಹೊಲದ ನಡುವಿನ ಮನೆಗೆ ಹೋಗುವುದು ನಿಸ್ತಂತು ಜಾಲದ ಕೆಲಸ. ಗೋಪುರದ ಸಿಗ್ನಲ್ ಎಷ್ಟು ದೂರ ಹೋಗುತ್ತದೆಂದು ಅಂದಾಜಿಸಲು ಎಂಜಿನಿಯರುಗಳು ಇಂದಿಗೂ ಬಳಸುವ ಪ್ರಸಿದ್ಧ ಸೂತ್ರಗಳಲ್ಲೊಂದು ಒಕುಮುರಾ–ಹಾಟಾ ಸೂತ್ರ. ಒಕುಮುರಾ ಅವರು 1968ರಲ್ಲಿ ಪ್ರಕಟಿಸಿದ ಅಳತೆಗಳು ಟೋಕಿಯೊ ಮತ್ತು ಅದರ ಆಸುಪಾಸಿನವು. ಹಾಟಾ 1980ರಲ್ಲಿ ಅವನ್ನು ಸೂತ್ರಕ್ಕಿಳಿಸಿದರು. ಟೋಕಿಯೊ ಸುತ್ತಲಿನ ಬೀದಿ, ಬಯಲುಗಳ ಅಳತೆಯಿಂದ ಔರಾದಿನ ತೊಗರಿ ಹೊಲವನ್ನು ಅಂದಾಜಿಸುವುದರಲ್ಲಿ ಎಷ್ಟು ದೋಷವಿದೆ ಎಂದು ತಿಳಿಯಲು ಯಾರಾದರೂ ಹೊಲಕ್ಕೆ ಹೋಗಿ ಅಳೆಯಬೇಕು. ಕಬ್ಬು ನೆಟ್ಟಾಗ ಬಯಲಾಗಿದ್ದ ಜಾಗ ಹತ್ತು ತಿಂಗಳಲ್ಲಿ ಆಳೆತ್ತರ ಮೀರಿದ, ನೀರು ತುಂಬಿದ ಹಸಿರು ಗೋಡೆಯಾಗುತ್ತದೆ. ಕಟಾವಿನ ಮರುದಿನ ಆ ಗೋಡೆ ಇರುವುದಿಲ್ಲ. ಗೋಪುರದ ವ್ಯಾಪ್ತಿ ಋತುವಿಗೊಂದು ಬಗೆಯಾಗುವ ಊರು ಇದು. ಬೀದರ್ ನಗರದ ಸುತ್ತ ವಾಯುಪಡೆಯ ತರಬೇತಿ ನೆಲೆ ಇರುವುದರಿಂದ ಗೋಪುರಗಳ ಎತ್ತರಕ್ಕೂ ಮಿತಿಯಿದೆ. ಇವೆಲ್ಲ ಯಾವ ಸಿದ್ಧ ಸಾಫ್ಟ್‌ವೇರಿನಲ್ಲೂ ತಾವಾಗಿ ಬಂದು ಕೂರುವುದಿಲ್ಲ.

ಆವರ್ತನದ ಆಯ್ಕೆಯೂ ಅಷ್ಟೇ ಮುಖ್ಯ. 2022ರ ಅಕ್ಟೋಬರ್ 1ರಂದು ಉದ್ಘಾಟನೆಯಾದ 5ಜಿ ಸೇವೆಗೆ ನಗರಗಳಲ್ಲಿ ಹೆಚ್ಚಾಗಿ ಬಳಸುವ 3500 ಮೆಗಾಹರ್ಟ್ಸ್ ಆಸುಪಾಸಿನ ತರಂಗ, 700 ಮೆಗಾಹರ್ಟ್ಸ್ ತರಂಗಕ್ಕೆ ಹೋಲಿಸಿದರೆ, ಉಳಿದೆಲ್ಲ ಸಮಾನವಾಗಿದ್ದಾಗ, ಅದೇ ದೂರದಲ್ಲಿ 25 ಪಟ್ಟು ಕ್ಷೀಣವಾಗಿ ತಲುಪುತ್ತದೆ. ಜನದಟ್ಟಣೆಯ ಬೆಂಗಳೂರಿಗೆ ಅದು ದೋಷವಲ್ಲ, ಗುಣ. ವಿರಳ ವಸತಿಯ ಔರಾದಿಗೆ ಅದೇ ಶಾಪ. ಭಾರತದ ಹಳ್ಳಿಗಳಲ್ಲಿ ಗೋಪುರದಿಂದ ಗೋಪುರಕ್ಕೆ 6 ಕಿ.ಮೀ. ಅಂತರವಿರುತ್ತದೆ, ಜನ ವೇಗವಾಗಿ ಚಲಿಸುವುದೂ ಕಡಿಮೆ, ಇಂಥ ಪರಿಸ್ಥಿತಿಗೂ 5ಜಿ ಹೊಂದಬೇಕು ಎಂದು ನಮ್ಮ ಸಂಶೋಧಕರು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿ ವಾದಿಸಿ 2017ರಲ್ಲಿ ಅದನ್ನು ಪರೀಕ್ಷೆಯ ನಿಯಮವಾಗಿ ಸೇರಿಸಿದ್ದು ದೊಡ್ಡ ಸಾಧನೆ. ಪಂಚಾಯಿತಿಯಲ್ಲಿ ಫೈಬರ್, ಅಲ್ಲೇ ಗೋಪುರ, ಸುತ್ತಲಿನ ಮೂರು ಕಿ.ಮೀ.ಗೆ ಸೇವೆ ಎಂಬುದು ಆ ವಾದದ ಹಿಂದಿನ ಚಿತ್ರ. ಮಾನದಂಡ ಬಂತು. ಅದನ್ನು ಲಾಭದಾಯಕವಾಗಿ ನೆಲಕ್ಕಿಳಿಸುವ ಕೆಲಸ ಮಾತ್ರ ಕಂಪೆನಿಗಳ ಇಚ್ಛೆಗೆ ಬಿಟ್ಟಿತು.

ಇಂಥ ಸಂಶೋಧನೆಯ ಪರಂಪರೆ ನಮ್ಮಲ್ಲಿ ಇಲ್ಲವೆಂದಲ್ಲ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹವಾನಿಯಂತ್ರಣವಿಲ್ಲದ ಕೋಣೆಯಲ್ಲೂ ದೂಳು, ಬಿಸಿಲು ತಡೆದುಕೊಂಡು ದುಡಿಯುವ ಸಣ್ಣ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವನ್ನು ರೂಪಿಸಿ 1986ರಲ್ಲಿ ಮೊದಲು ಸ್ಥಾಪಿಸಿದ್ದು ನಮ್ಮ ಕಿತ್ತೂರಿನಲ್ಲಿ. ಪಾಶ್ಚಾತ್ಯ ಯಂತ್ರಗಳು ಹವಾನಿಯಂತ್ರಿತ ಕೊಠಡಿ ಬೇಡುತ್ತಿದ್ದ ಕಾಲವದು. ನೂರಾರು ಮೀಟರಿಗೆಂದು ರೂಪಿಸಿದ ವೈ-ಫೈಯನ್ನು ಹತ್ತಾರು ಕಿಲೋಮೀಟರ್ ಎಳೆದಾಗ, ಉತ್ತರದ ಸಂಕೇತ ಬರುವ ಮೊದಲೇ ಯಂತ್ರ ತಾಳ್ಮೆಗೆಟ್ಟು ಮತ್ತೆ ಕಳುಹಿಸತೊಡಗುವ ಸಮಸ್ಯೆಯನ್ನು ಕಾನ್ಪುರದ ಐಐಟಿಯವರು ಗಂಗಾ ಬಯಲಿನ ಹಳ್ಳಿಗಳಲ್ಲಿ ಕಂಡು, ಅದಕ್ಕೆ ಹೊಸ ನಿಯಮಾವಳಿಯನ್ನೇ ಬರೆದರು. ಮುಂಬೈ ಐಐಟಿ ಪಾಲ್ಘರ್ ಜಿಲ್ಲೆಯ ಹಳ್ಳಿಗಳಲ್ಲಿ ಟಿ.ವಿ. ಪ್ರಸಾರದ ಬಳಕೆಯಾಗದ ತರಂಗಗಳಿಂದ ಅಂತರ್ಜಾಲ ಹರಿಸಿ ತೋರಿಸಿತು. ಇವೆಲ್ಲ ಗೆದ್ದ ಪ್ರಯೋಗಗಳು. ಪ್ರಯೋಗದ ನೆಲವೇ ಪ್ರಶ್ನೆಯನ್ನು ಕೊಟ್ಟಿತು ಎಂಬುದು ಇವೆಲ್ಲಕ್ಕೂ ಸಮಾನವಾದ ಗುಣ.

ಗೋಪುರಕ್ಕೆ ಫೈಬರ್ ತಲುಪದ ಕಡೆ ಏನು ಮಾಡಬೇಕು? ಗೋಪುರದಿಂದ ಗೋಪುರಕ್ಕೆ ಮೈಕ್ರೋವೇವ್ ಕೊಂಡಿ ಹಾಕುತ್ತಾರೆ. ಹೆಚ್ಚು ಮಾಹಿತಿ ಸಾಗಿಸಲು ಈಗ 80 ಗಿಗಾಹರ್ಟ್ಸ್ ಆಸುಪಾಸಿನ ತರಂಗಗಳ ಮೇಲೆ ಕಣ್ಣಿದೆ. ಗಂಟೆಗೆ 100 ಮಿ.ಮೀ. ತೀವ್ರತೆಯ ಮಳೆಯಲ್ಲಿ ಅವು ಕಿಲೋಮೀಟರಿಗೆ 30 ಡೆಸಿಬಲ್‌ನಷ್ಟು, ಅಂದರೆ ಸಾವಿರದಲ್ಲಿ ಒಂದು ಪಾಲಿಗೆ ಕುಗ್ಗುತ್ತವೆ. 7 ಗಿಗಾಹರ್ಟ್ಸ್‌ನಲ್ಲಿ ಈ ನಷ್ಟ ಒಂದೆರಡು ಡೆಸಿಬಲ್ ಅಷ್ಟೆ. ಲೇಸರ್ ಬೆಳಕನ್ನು ಗಾಳಿಯಲ್ಲೇ ಹಾಯಿಸುವ ತಂತ್ರವೂ ಇದೆ. 2021ರಲ್ಲಿ ಕಾಂಗೋ ನದಿಯ ಅಡ್ಡಲಾಗಿ ಬ್ರಾಜಾವಿಲ್–ಕಿನ್ಶಾಸಾ ನಗರಗಳನ್ನು ಸುಮಾರು 5 ಕಿ.ಮೀ. ಬೆಳಕಿನ ಕೊಂಡಿಯಿಂದ ಜೋಡಿಸಿದ್ದು ಇದೇ ತಂತ್ರ. ಮಾಂಜ್ರಾ ಕಣಿವೆಗೂ ಅದು ಒಗ್ಗಬಹುದು, ಏಕೆಂದರೆ ಈ ಬೆಳಕಿಗೆ ಮಳೆಗಿಂತ ಮಂಜು ದೊಡ್ಡ ಶತ್ರು. ಮಳೆಗಾಲದಲ್ಲಿ ಬೆಳಕು, ಚಳಿಗಾಲದ ಮಂಜಿನ ಮುಂಜಾವಿನಲ್ಲಿ ಮೈಕ್ರೋವೇವ್ ಎಂದು ಎರಡನ್ನೂ ಜೋಡಿಸಿದ ಕೊಂಡಿ ಇಲ್ಲಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಒಂದು ವರ್ಷ ನಡೆಸಿ ನೋಡಿದರೆ ತಿಳಿದೀತು.

ಉಪಗ್ರಹ ಬರುತ್ತದೆ, ಇದೆಲ್ಲ ಯಾಕೆ ಬೇಕು ಎನ್ನುವವರಿದ್ದಾರೆ. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಪರವಾನಗಿ ದೊರೆತ ಮೇಲೆ ಈ ಮಾತು ಹೆಚ್ಚಾಗಿದೆ. ಮಾಂಜ್ರಾದಲ್ಲಿ ಪ್ರವಾಹ ಬಂದು ಸೇತುವೆಯೊಂದಿಗೆ ಕೇಬಲ್ ಕೊಚ್ಚಿಹೋದ ದಿನ ಉಪಗ್ರಹ ಸಂಪರ್ಕ ಆಪದ್ಬಾಂಧವನೇ. ಆದರೆ ಉಪಗ್ರಹದ ಒಂದು ಕಿರಣ ಬೆಳಗುವ ವಿಶಾಲ ಪ್ರದೇಶದ ಬಳಕೆದಾರರೆಲ್ಲ ಒಂದೇ ಸಾಮರ್ಥ್ಯವನ್ನು ಹಂಚಿಕೊಳ್ಳಬೇಕು. ತಾಲ್ಲೂಕಿನ ಎಲ್ಲ ಶಾಲೆ, ಆಸ್ಪತ್ರೆ, ಮನೆಗಳ ಸಂಜೆಯ ಬೇಡಿಕೆಯನ್ನು ಅದರ ಮೇಲೆ ಹೇರಲು ಬರುವುದಿಲ್ಲ.

ಇನ್ನು ಸಂಶೋಧನೆ ಮಾಡುವವರು ಯಾರು? ಬೀದರ್ ನಗರದಲ್ಲಿ ಗುರುನಾನಕ ದೇವ ಎಂಜಿನಿಯರಿಂಗ್ ಕಾಲೇಜು ಇದೆ, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ ಇದೆ. ಎರಡೂ 1980ರ ದಶಕದ ಆರಂಭದಲ್ಲಿ ಹುಟ್ಟಿದವು. ನಮ್ಮ ನಾಡಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ನಿಸ್ತಂತು ಜಾಲಗಳ ಮೇಲೆ ವರದಿ ಬರೆಯುವುದುಂಟು. ಸಾಮಾನ್ಯವಾಗಿ ಅದು ಕಂಪ್ಯೂಟರಿನ ತೆರೆಯ ಮೇಲೆ ನೂರು ಚುಕ್ಕಿಗಳನ್ನು ಯಾದೃಚ್ಛಿಕವಾಗಿ ಚೆಲ್ಲಿ, ಪರದೇಶದ ಪ್ರಬಂಧವೊಂದರ ವಿಧಾನವನ್ನು ಅದರ ಮೇಲೆ ಓಡಿಸಿ ತೆಗೆದ ನಕ್ಷೆ. ಆ ಚುಕ್ಕಿಗಳ ಜಾಗದಲ್ಲಿ ಔರಾದ್ ತಾಲ್ಲೂಕಿನ ನಿಜವಾದ ಪಂಚಾಯಿತಿಗಳನ್ನು ಇಟ್ಟರೆ ಲೆಕ್ಕ ಬೇರೆಯೇ ಆಗುತ್ತದೆ. ವಿದ್ಯಾರ್ಥಿಗಳ ದೋಷ ಇದರಲ್ಲಿ ಕಡಿಮೆ. ಫೈಬರ್ ಮಾರ್ಗದ ನಕ್ಷೆ, ಕಡಿತದ ದಾಖಲೆ, ಗೋಪುರದ ದತ್ತಾಂಶ ಯಾವುದೂ ಅವರ ಕೈಗೆ ಸಿಗುವುದಿಲ್ಲ. ಸಾರ್ವಜನಿಕ ಹಣದಲ್ಲಿ ಹಾಕಿದ ಜಾಲದ ದೋಷಗಳ ಪಟ್ಟಿ ಏಕೆ ಗುಟ್ಟಾಗಿರಬೇಕು ಎಂಬುದಕ್ಕೆ ಭದ್ರತೆಯ ಕಾರಣ ಕೊಡುವುದು ಸುಲಭ. ಮಾರ್ಗದ ಸೂಕ್ಷ್ಮ ವಿವರ ತೆಗೆದು, ಯಾವ ಕೊಂಡಿ ಎಷ್ಟು ಗಂಟೆ ಯಾವ ಕಾರಣಕ್ಕೆ ನಿಂತಿತ್ತು ಎಂಬ ಮಾಹಿತಿಯನ್ನಷ್ಟೇ ಕೊಟ್ಟರೂ ಸಂಶೋಧನೆಗೆ ಸಾಲುತ್ತದೆ.

ಹಣದ ಮಾತು ಬಂದಾಗ ಕೈಚೆಲ್ಲಬೇಕಾದ ಸ್ಥಿತಿಯೂ ಇಲ್ಲ. ಗ್ರಾಮೀಣ ದೂರಸಂಪರ್ಕದ ಸಂಶೋಧನೆಗೆಂದೇ 2022ರ ಅಕ್ಟೋಬರ್‌ನಲ್ಲಿ ಕೇಂದ್ರವು ತಂತ್ರಜ್ಞಾನ ಅಭಿವೃದ್ಧಿ ನಿಧಿಯೊಂದನ್ನು ಆರಂಭಿಸಿತು. ಸಾರ್ವತ್ರಿಕ ಸೇವಾ ನಿಧಿಗೆ, ಅಂದರೆ ಈಗಿನ ಡಿಜಿಟಲ್ ಭಾರತ್ ನಿಧಿಗೆ, ಬರುವ ಹಣದ ಶೇ 5ರಷ್ಟು ಅದಕ್ಕೆ ಮೀಸಲು. ಆ ಹಣ ನಾವೆಲ್ಲ ತೆರುವ ಮೊಬೈಲ್ ಬಿಲ್ಲಿನಿಂದಲೇ ಬಂದದ್ದು. 371ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಇದೆ. ಮಂಡಳಿಯ ಹಣದಲ್ಲಿ ರಸ್ತೆ, ಕಟ್ಟಡ ಆಗುವುದನ್ನು ಕಂಡಿದ್ದೇವೆ. ಭಾಲ್ಕಿಯಿಂದ ಔರಾದಿನವರೆಗೆ ಹತ್ತು ಹಳ್ಳಿಗಳ ಒಂದು ಪ್ರಯೋಗ ಜಾಲಕ್ಕೆ, ಅದನ್ನು ಅಳೆಯುವ ಉಪಕರಣಗಳಿಗೆ, ಬೆಸುಗೆ ಹಾಕುವ ತರುಣರ ತರಬೇತಿಗೆ ಒಂದು ಸಮುದಾಯ ಭವನದ ವೆಚ್ಚಕ್ಕಿಂತ ಎಷ್ಟು ಹೆಚ್ಚು ಬೇಕಾದೀತು?

ಇದಕ್ಕೆ ಅವಸರವೂ ಇದೆ. ಉಂಗುರದ ಕಾಮಗಾರಿಗಾಗಿ ಕಂದಕ ಅಗೆದು ಕೊಳವೆ ಹೂತ ಮೇಲೆ ಅದೇ ಇನ್ನು ಇಪ್ಪತ್ತು ವರ್ಷಗಳ ವಿನ್ಯಾಸ. ಆದ್ದರಿಂದ ಮೊದಲ ಕೆಲಸವಾಗಿ ಭಾರತ್‌ನೆಟ್ ಕಾಮಗಾರಿಯ ಹೊಣೆ ಹೊತ್ತಿರುವ ಬಿಎಸ್‌ಎನ್‌ಎಲ್‌ನ ಕರ್ನಾಟಕ ಮತ್ತು ಮಹಾರಾಷ್ಟ್ರ ವೃತ್ತಗಳ ಅಧಿಕಾರಿಗಳು ಒಂದೇ ಮೇಜಿನ ಮುಂದೆ ಕುಳಿತು, ಔರಾದಿನ ಕಡೆಯಿಂದ ಹೊರಟ ಫೈಬರ್ ಎಲ್ಲಿಗೆ ನಿಂತಿದೆ, ದೇಗಲೂರಿನ ಕಡೆಯಿಂದ ಬಂದದ್ದು ಎಲ್ಲಿಗೆ ನಿಂತಿದೆ, ನಡುವೆ ಉಳಿದಿರುವುದು ಎಷ್ಟು ಕಿಲೋಮೀಟರ್ ಎಂದು ಅಳೆಯಬೇಕು. ಅದರ ಜತೆಗೇ ಔರಾದ್ ತಾಲ್ಲೂಕಿನ ಪ್ರತಿ ಉಂಗುರದ ಎರಡು ತೋಳುಗಳು ಎಷ್ಟು ದೂರ ಒಂದೇ ಕಂದಕದಲ್ಲಿ ಸಾಗುತ್ತವೆ ಎಂಬುದನ್ನು ಕಾಮಗಾರಿಯ ಬಿಲ್ಲು ಪಾವತಿಸುವ ಮೊದಲು ಜಿಲ್ಲಾ ಪಂಚಾಯಿತಿ ಲಿಖಿತವಾಗಿ ಕೇಳಿ ಪಡೆಯಬೇಕು.